ಮೇಲಟ್ಟದಲ್ಲಿ ಸೊಸೆ, ಕೆಳಗಟ್ಟದಲ್ಲಿ ಅತ್ತೆ

ಅತ್ತೆ ಸೊಸೆ ಇಬ್ಬರನ್ನೂ ಒಂದೇ ಹಡಗಿಗೆ ಹತ್ತಿಸಿಕೊಂಡು ನಡುನೀರಿಗೆ ಹೋಗುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ತಿಮಿಂಗಿಲ ಎಣಿಸುವ ಆ ಸಂಶೋಧನಾ ಹಡಗಿನ ಮುಖ್ಯಸ್ಥರಿಗೆ ಇತ್ತು. ಇತ್ತು ಅಂದರೂ ಅವರು ಮೈಮರೆಯಲಿಲ್ಲ. ಸೊಸೆಯನ್ನು ಮೇಲಟ್ಟಕ್ಕೆ, ಅತ್ತೆಯನ್ನು ಕೆಳಗಟ್ಟಕ್ಕೆ ಹಾಕಿ, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ನಡುವೆ ದಪ್ಪನೆಯ ಟಾರ್ಪಾಲು ಕಟ್ಟಿಸಿದರು. ಮನೆಗೊಂದು ಇಂಥ ಟಾರ್ಪಾಲು ಇದ್ದಿದ್ದರೆ ಎಷ್ಟೋ ಸಂಸಾರಗಳು ನೆಟ್ಟಗಿರುತ್ತಿದ್ದವು ಎಂದು ಹಡಗಿನ ಅಡುಗೆಯವನು ಬಡಿಸುವಾಗಲೆಲ್ಲ ಹೇಳುತ್ತಿದ್ದ. ಅವನ ಮಾತಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವರು ಅತ್ತೆಯೇ.

ಟಾರ್ಪಾಲು ಕಟ್ಟಿದ್ದು ಜಗಳಕ್ಕೆ ಹೆದರಿ ಅಲ್ಲ, ಲೆಕ್ಕಕ್ಕೆ. ಹಡಗಿನ ಕೆಲಸ ಹೇಳುವುದಕ್ಕೆ ಸುಲಭ. ನಕ್ಷೆಯಲ್ಲಿ ಗೆರೆ ಎಳೆದ ದಾರಿಯಲ್ಲಿ ಮೆಲ್ಲಗೆ ಸಾಗುವುದು, ದಾರಿಯಲ್ಲಿ ಕಂಡ ತಿಮಿಂಗಿಲಗಳನ್ನೂ ಡಾಲ್ಫಿನ್‌ಗಳನ್ನೂ ಎಣಿಸುವುದು. ಆದರೆ ಅವು ದನಗಳ ಹಾಗೆ ನಿಂತು ಎಣಿಸಿಕೊಳ್ಳುವುದಿಲ್ಲವಲ್ಲ. ಉಸಿರಿಗೆಂದು ಒಂದು ಗಳಿಗೆ ಮೇಲೆ ಬರುತ್ತವೆ, ಮತ್ತೆ ಮುಳುಗುತ್ತವೆ. ಕಂಡದ್ದಕ್ಕಿಂತ ಕಾಣದೆ ಹೋದದ್ದೇ ಹೆಚ್ಚು. ಹಾಗೆ ಕಾಣದೆ ಹೋದವನ್ನು ಲೆಕ್ಕ ಹಾಕುವುದಕ್ಕೇ ಎರಡು ಅಟ್ಟ. ಚಾಲಕರ ಕೋಣೆಯ ನೆತ್ತಿಯ ಮೇಲೆ ಒಂದು, ಅದರ ಮುಂದೆ ಕೆಳಗಡೆ ಇನ್ನೊಂದು. ಎರಡಕ್ಕೂ ಕಬ್ಬಿಣದ ಕಟಕಟೆ, ಎರಡರಲ್ಲೂ ಎಡಕ್ಕೊಂದು ಬಲಕ್ಕೊಂದು, ಕಂಬಕ್ಕೆ ಕೂರಿಸಿದ ದೊಡ್ಡ ದುರ್ಬೀನು.

ಅತ್ತೆ ಇದನ್ನು ಸೊಸೆಗೆ ಅಕ್ಕಿಯ ಲೆಕ್ಕದಲ್ಲಿ ಹೇಳಿಕೊಟ್ಟಿದ್ದರು. ಒಂದೇ ಮೊರದ ಅಕ್ಕಿಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ನಿನಗೆ ಕಂಡ ಕಲ್ಲುಗಳಲ್ಲಿ ನನಗೆ ಎಷ್ಟು ಕಾಣಲಿಲ್ಲ, ನನಗೆ ಕಂಡದ್ದರಲ್ಲಿ ನಿನಗೆ ಎಷ್ಟು ಕಾಣಲಿಲ್ಲ, ಇದು ತಿಳಿದರೆ ಇಬ್ಬರ ಕಣ್ಣನ್ನೂ ತಪ್ಪಿಸಿ ಅನ್ನಕ್ಕೆ ಬಿದ್ದ ಕಲ್ಲೆಷ್ಟು ಎಂದು ಅಂದಾಜು ಮಾಡಬಹುದು. ಒಂದೇ ಷರತ್ತು, ಒಬ್ಬರಿಗೊಬ್ಬರು ಸುಳಿವು ಕೊಡಬಾರದು. ಪ್ರಾಣಿ ಹಡಗಿನ ಪಕ್ಕೆಯನ್ನು ದಾಟಿ ಹಿಂದೆ ಬೀಳುವ ತನಕ ಮೇಲಿನವರು ಕೆಳಗಿನವರಿಗೆ, ಕೆಳಗಿನವರು ಮೇಲಿನವರಿಗೆ ತುಟಿ ಪಿಟಕ್ಕೆನ್ನುವಂತಿಲ್ಲ. ಕಂಡದ್ದನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡ ಮೈಕಿನಲ್ಲಿ ಪಿಸುಗುಟ್ಟಬೇಕು. ಅದು ಮೇಲಟ್ಟದ ಹಿಂದಿನ ಗಾಜಿನ ಕೋಣೆಯಲ್ಲಿ ಕುಳಿತ ಮುಖ್ಯಸ್ಥರಿಗೆ ಮಾತ್ರ ಕೇಳಿಸುತ್ತದೆ. ಹಿಂದೆ ಬಿದ್ದ ಮೇಲೆ ಆ ಪ್ರಾಣಿಯ ಲೆಕ್ಕ ಮುಗಿಯಿತು, ಆಮೇಲೆ ಬೇಕಾದರೆ ಡಂಗುರ ಹೊಡೆಯಬಹುದು.

ಸೊಸೆಗೆ ಈ ಪಾಠ ಪೂರ್ತಿ ಬಾಯಿಗೆ ಬಂದಿತ್ತು. ಬಾಯನ್ನು ಹಿಡಿಯುವುದು ಮಾತ್ರ ಬಂದಿರಲಿಲ್ಲ. ಹಡಗು ಹೊರಟ ಹೊಸದರಲ್ಲೇ ಡಾಲ್ಫಿನ್‌ಗಳ ದಂಡೊಂದು ನೀರಿನಿಂದ ಚಿಮ್ಮಿ ಚಿಮ್ಮಿ ಬರುವುದನ್ನು ಕಂಡು, ಷರತ್ತು ಗಿರತ್ತು ಎಲ್ಲ ಮರೆತು, ಅಯ್ಯಯ್ಯೋ ನೋಡಿ ಎಂದು ಕಿರುಚಿಬಿಟ್ಟಿದ್ದಳು. ಕೆಳಗಟ್ಟದವರೆಲ್ಲ ಕತ್ತು ತಿರುಗಿಸಿದರು. ಬೆಳಗ್ಗಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಮುಖ್ಯಸ್ಥರು ಏನೂ ಅನ್ನಲಿಲ್ಲ. ಅತ್ತೆ ಅಂದರು, ಅದೂ ಎಲ್ಲರೂ ಊಟಕ್ಕೆ ಕುಳಿತಾಗ. ಕಣ್ಣಿಗೆ ಕೆಲಸ ಕೊಟ್ಟಿದ್ದಾರೆ, ಗಂಟಲಿಗಲ್ಲ ಎಂದರು. ಸೊಸೆಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ತಪ್ಪು ತನ್ನದೇ ಆದ್ದರಿಂದ ಗಂಡನಿಗೆ ಫೋನು ಮಾಡಿ ಚಾಡಿ ಹೇಳುವ ಸುಖವೂ ಇರಲಿಲ್ಲ. ಹೇಳಿದ್ದರೂ ಆ ಮಹಾರಾಯನಿಂದ ಏನಾಗಬೇಕಿತ್ತು? ಬಕೆಟ್ಟಿನಲ್ಲಿ ನೀರು ತುಳುಕಿದರೆ ತಲೆಸುತ್ತು ಬರುವ ಗಂಡ ಅವನು. ಸಮುದ್ರದ ಹೆಸರೆತ್ತಿದರೆ ನಿಂಬೆಹಣ್ಣು ಹುಡುಕುತ್ತಿದ್ದ.

ಅಮ್ಮನ ಕಣ್ಣು ಮಗನಿಗೆ ಬರಲಿಲ್ಲ, ಸೊಸೆಗೆ ಬಂತು ಎಂದು ಅತ್ತೆ ಹೇಳುವುದಿತ್ತು, ಆದರೆ ಸೊಸೆಯ ಬೆನ್ನ ಹಿಂದೆ. ಮಗ ಅವಳನ್ನು ಮೊದಲ ಸಲ ಮನೆಗೆ ಕರೆತಂದ ದಿನ ಅತ್ತೆ ಅವಳ ಓದು ಕೇಳಲಿಲ್ಲ, ಮನೆತನ ಕೇಳಲಿಲ್ಲ. ಕಾಫಿ ಕೈಗಿಟ್ಟು, ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಹೊರಗೆ ತಂತಿಯ ಮೇಲೆ ಕಾಗೆ ಎಷ್ಟಿದ್ದವು ಎಂದು ಕೇಳಿದರು. ಕಾಗೆ ಮೂರು, ನಾಲ್ಕನೆಯದು ಮೈನಾ ಎಂದಳು ಹುಡುಗಿ. ಮದುವೆ ಅಲ್ಲಿಗೆ ಗಟ್ಟಿಯಾಯಿತು. ಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದವಳಿಗೆ ತರಬೇತಿ ಕೊಡಿಸಿ, ಪರೀಕ್ಷೆ ಕಟ್ಟಿಸಿ ಈ ಹಡಗು ಹತ್ತಿಸಿದ್ದೂ ಅವರೇ.

ಅಂಥ ಅತ್ತೆಗೆ ಒಂದೇ ಒಂದು ಕೊರಗು. ಜಡೆ ಹಾಕಿಕೊಳ್ಳುವ ವಯಸ್ಸಿನಿಂದ ತಲೆ ನರೆಯುವ ತನಕ ಸಮುದ್ರ ನೋಡಿದವರಿಗೆ ನೀಲಿ ತಿಮಿಂಗಿಲ ಕಂಡಿರಲಿಲ್ಲ. ಭೂಮಿಯ ಮೇಲಿನ ಪ್ರಾಣಿಗಳಲ್ಲೆಲ್ಲ ದೊಡ್ಡದು ಅದೇ, ಆದರೂ ಇವರ ಕಣ್ಣಿಗೆ ಬಿದ್ದಿರಲಿಲ್ಲ. ಅದು ಬರದೇ ಇತ್ತು ಅಂತಲ್ಲ. ಇವರು ಸ್ನಾನಕ್ಕೆ ಹೋಗಿ ಮುಖಕ್ಕೆ ಸೋಪು ಹಚ್ಚಿಕೊಂಡಾಗ ಒಂದು ಸಲ ಬಂದಿತ್ತು. ಹಲ್ಲುನೋವಿನಿಂದ ಮುಸುಕೆಳೆದು ಮಲಗಿದಾಗ ಇನ್ನೊಂದು ಸಲ. ಮತ್ತೊಂದು ಸಲ ಕಾವಲಿನಲ್ಲೇ ಇದ್ದರು, ಷೂ ದಾರ ಬಿಚ್ಚಿತೆಂದು ಬಗ್ಗಿದರು, ಗಂಟು ಹಾಕಿ ಏಳುವಷ್ಟರಲ್ಲಿ ಪಕ್ಕದವರು ಕೈಕೈ ಹಿಡಿದು ಕುಣಿಯುತ್ತಿದ್ದರು. ಅಂದಿನಿಂದ ದಾರವಿಲ್ಲದ ಷೂ ಹಾಕುತ್ತಾರೆ. ಇವರ ಪಾಳಿ ಯಾವಾಗ ಎಂದು ಕೇಳಿಕೊಂಡೇ ಅದು ಮೇಲೆ ಬರುತ್ತದೆ ಎಂದು ಹಡಗಿನವರು ಹಾಸ್ಯ ಮಾಡುತ್ತಿದ್ದರು. ಅತ್ತೆಯೂ ಜೊತೆಗೆ ನಗುತ್ತಿದ್ದರು. ಈ ಯಾನ ಮುಗಿದರೆ ಅವರಿಗೆ ನಿವೃತ್ತಿ. ಇನ್ನು ಹಡಗು ಹತ್ತುವ ಹಾಗಿಲ್ಲ. ಒಂದು ಬೆಳಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಅತ್ತೆ ಕನ್ನಡಿಯಲ್ಲಿ ತಮ್ಮ ಕಣ್ಣನ್ನೇ ನೋಡಿಕೊಂಡು, "ನಿಮಗೆ ಋಣ ಇಲ್ಲ ಬಿಡ್ರಪ್ಪಾ" ಅಂದದ್ದನ್ನು ಸೊಸೆ ಕೇಳಿಸಿಕೊಂಡಿದ್ದಳು. ಆವತ್ತಿನಿಂದ ಅತ್ತೆಯ ಕೊರಗು ಅವಳದೂ ಆಗಿತ್ತು.

ಯಾನ ಮುಗಿಯುತ್ತ ಬಂದಿತ್ತು. ಅವತ್ತು ಊಟವಾದ ಮೇಲೆ ಸಮುದ್ರ ಎಣ್ಣೆ ಸವರಿದ ಹಾಗೆ ನುಣ್ಣಗೆ ಮಲಗಿತ್ತು. ಮೇಲಟ್ಟದ ಎಡಗಡೆ ಸೊಸೆ, ಬಲಗಡೆ ಮಾತಿನಮಲ್ಲ. ಅಪ್ಪಿತಪ್ಪಿಯೂ ಬಾಯಿ ಬಿಡದ ಮನುಷ್ಯ ಎಂಬ ಕಾರಣಕ್ಕೇ ಹಡಗಿನವರು ಅವನಿಗೆ ಈ ಹೆಸರು ಕಟ್ಟಿದ್ದರು. ಹಿಂದಿನ ದಿನದ ಗಾಳಿಗೆ ಟಾರ್ಪಾಲಿನ ಎಡಮೂಲೆ ಹರಿದು ತಟ್ಟೆಯಗಲ ತೂತು ಬಿದ್ದಿತ್ತು. ಅದರಲ್ಲಿ ಬಗ್ಗಿ ನೋಡಿದರೆ ಕೆಳಗಟ್ಟದ ಎಡ ದುರ್ಬೀನಿನ ಹಿಂದೆ ಕುಳಿತ ಅತ್ತೆಯ ಟೋಪಿ ಕಾಣುತ್ತಿತ್ತು. ಟೋಪಿ ಮಾತ್ರ. ಸುತ್ತ ಅಗಲ ಅಂಚಿನ ಹುಲ್ಲಿನ ಟೋಪಿ, ಅದರ ಕೆಳಗೊಬ್ಬ ಮನುಷ್ಯೆ ಇದ್ದಾಳೆ ಎಂದು ನಂಬಿಕೊಳ್ಳಬೇಕು ಅಷ್ಟೆ. ಸಂಜೆ ಹೊಲಿಸಿಬಿಡುತ್ತೇವೆ, ಅಲ್ಲಿಯವರೆಗೆ ಆ ಕಡೆ ನೋಡಬೇಡಿ ಎಂದು ಹೇಳಿದ್ದರು. ಸೊಸೆ ನೋಡಿರಲೂ ಇಲ್ಲ.

ಆಗ ಎಡಗಡೆ, ಆಕಾಶ ನೀರಿಗೆ ಮುಟ್ಟುವ ಕಡೆ, ಒಂದು ಬಿಳಿ ಕಂಬ ಎದ್ದಿತು.

ಎದ್ದದ್ದು ಸುಮ್ಮನೆ ಅಲ್ಲ. ಮೂರು ಮಹಡಿ ಮನೆಯಷ್ಟು ಎತ್ತರಕ್ಕೆ ನೆಟ್ಟಗೆ ಎದ್ದು, ಗಾಳಿಯಿಲ್ಲದ್ದರಿಂದ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಸೊಸೆ ಬೇರೆ ಬೇರೆ ತಿಮಿಂಗಿಲಗಳ ಉಸಿರನ್ನು ನೋಡಿದ್ದಳು. ಪೊದೆಯ ಹಾಗೆ ಹರಡುವುದು, ಓರೆಯಾಗಿ ಚಿಮ್ಮುವುದು ಎಲ್ಲ ಅವಳಿಗೆ ಗೊತ್ತು. ಇಂಥದ್ದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದಳು. ದುರ್ಬೀನು ತಿರುಗಿಸಿ ಹಿಡಿದಳು. ಎರಡನೆಯ ಸಲ ಉಸಿರು ಬಿಟ್ಟಾಗ ಕೆಳಗೆ ಬೆನ್ನೂ ಕಂಡಿತು, ಬೂದಿ ಬೆರೆಸಿದ ನೀಲಿ, ಅಲ್ಲಲ್ಲಿ ಮಚ್ಚೆ. ಕಿರುಚು ಗಂಟಲಿಗೆ ಬಂದೇಬಿಟ್ಟಿತ್ತು. ಎರಡೂ ಕೈಯಿಂದ ಬಾಯಿ ಒತ್ತಿಕೊಂಡು ನುಂಗಿದಳು. ಆಮೇಲೆ ಮೈಕಿನಲ್ಲಿ, ತನ್ನದಲ್ಲದ ದನಿಯಲ್ಲಿ, ನೀಲಿ ತಿಮಿಂಗಿಲ, ಒಂದು, ಎಡಗಡೆ ದೂರದಲ್ಲಿ ಎಂದಳು.

ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ಸರಿ ಎಂದರು ಮುಖ್ಯಸ್ಥರು. ಅಷ್ಟೇ. ತರಕಾರಿಯವನಿಗೆ ಹೇಳುವ ಹಾಗೆ ಸರಿ ಎಂದರು. ಅವಳು ಹಿಂದಕ್ಕೆ ತಿರುಗಿ ಗಾಜಿನೊಳಗಿನ ಅವರ ಮುಖವನ್ನು ಬೇಡಿಕೊಳ್ಳುವ ಹಾಗೆ ನೋಡಿದಳು. ಅತ್ತೆಗೂ ಕಂಡಿದೆಯಾ ಎಂಬುದು ಜಗತ್ತಿನಲ್ಲಿ ಆ ಒಬ್ಬ ಮನುಷ್ಯನಿಗೆ ಮಾತ್ರ ಗೊತ್ತು. ಅವರು ತಟ್ಟನೆ ಗೋಡೆಯ ಕಡೆ ತಿರುಗಿ ಕುಳಿತರು. ಮಾತಿನಮಲ್ಲ ಅವಳ ಪಕ್ಕಕ್ಕೆ ಬಂದು, ಬರಿಗಣ್ಣಿಂದಲೇ ನೋಡಿ, ಬಾಯಿ ತೆರೆದು, ಹೇಳಲು ಏನೂ ಸಿಗದೆ ಮತ್ತೆ ಮುಚ್ಚಿಕೊಂಡ.

ಇನ್ನು ತಡೆಯಲಾಗಲಿಲ್ಲ. ಸೊಸೆ ಟಾರ್ಪಾಲಿನ ತೂತಿನಲ್ಲಿ ಕೆಳಗೆ ನೋಡಿದಳು.

ಕಾವಲಿಗೆ ಕುಳಿತವರ ಟೋಪಿ ಒಂದೇ ಕಡೆ ನಿಲ್ಲುವುದಿಲ್ಲ. ದುರ್ಬೀನನ್ನು ಎಡದಿಂದ ನಡುವಿಗೆ, ನಡುವಿನಿಂದ ಎಡಕ್ಕೆ ಮೆಲ್ಲಗೆ ಎಳೆಯುತ್ತಿದ್ದ ಹಾಗೆ ಟೋಪಿಯೂ ಹೊರಳುತ್ತಿರಬೇಕು. ಅತ್ತೆಯ ಟೋಪಿ ಹೊರಳುತ್ತಿರಲಿಲ್ಲ. ಮುಂದಕ್ಕೆ ಬಾಗಿತ್ತು. ಬಾಗಿದ್ದು ಸಣ್ಣಗೆ, ತಡೆದು ತಡೆದು ಅಲುಗುತ್ತಿತ್ತು. ಸೊಸೆಗೆ ಜೀವವೇ ಹೋದ ಹಾಗಾಯಿತು. ಮಧ್ಯಾಹ್ನ ಅತ್ತೆ ಎರಡು ಸಲ ಬಡಿಸಿಕೊಂಡಿದ್ದರು. ಬಿಸಿಲು ಬೇರೆ ಹಿತವಾಗಿತ್ತು. ಸೋಪಿನ ನೊರೆ, ಹಲ್ಲುನೋವು, ಷೂ ದಾರ ಎಲ್ಲ ಆಗಿ ಈಗ ತೂಕಡಿಕೆ. ಇಂಥ ಹಣೆಬರಹ ಯಾರಿಗೂ ಬೇಡ.

ಸುದ್ದಿ ಬಾಯಲ್ಲಿ ಬಿಸಿತುಪ್ಪವಾಯಿತು. ಕೆಮ್ಮಿದರೆ? ಕೆಮ್ಮು ಬರುವುದು ಮನುಷ್ಯರಿಗೆ ಸಹಜ. ನೀರಿನ ಬಾಟಲಿ ಕೈಜಾರಿದರೆ? ಜೇಬಿನಲ್ಲಿ ಪೆನ್ಸಿಲ್ ಅಳಿಸುವ ರಬ್ಬರಿತ್ತು. ಅದನ್ನು ತೆಗೆದು ತೂತಿನ ಮೇಲೆ ಹಿಡಿದಳು. ಕೈ ಬಿಟ್ಟರೆ ನೆಟ್ಟಗೆ ಟೋಪಿಯ ಮೇಲೆ. ತಿಮಿಂಗಿಲ ಇದೆ ಎಂದು ಹೇಳಿದ ಹಾಗೆ ಎಲ್ಲಾಯಿತು? ನಿದ್ದೆ ಬಂದವರನ್ನು ಎಬ್ಬಿಸಿದ ಹಾಗಾಯಿತು ಅಷ್ಟೆ. ಎದ್ದವರು ಎಲ್ಲಿ ಬೇಕಾದರೂ ನೋಡಿಕೊಳ್ಳಲಿ. ಹೀಗೆ ತನ್ನ ಕಡೆಯಿಂದ ತಾನೇ ವಕೀಲಿಕೆ ಮಾಡಿಕೊಂಡಳು. ಕೇಸು ಗೆಲ್ಲುವ ಹಾಗೂ ಇತ್ತು.

ಆದರೆ ಅತ್ತೆ ಎದ್ದ ಮೇಲೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿಮಿಂಗಿಲ ನೋಡುತ್ತಾರೆ. ಕಣ್ತುಂಬ ನೋಡುತ್ತಾರೆ. ಆಮೇಲೆ ಮಡಿಲಲ್ಲಿ ಬಿದ್ದ ರಬ್ಬರು ನೋಡುತ್ತಾರೆ. ಇಷ್ಟು ವರ್ಷ ಕಾದು ಸಿಕ್ಕಿದ್ದು ಕದ್ದ ಮಾಲು ಎಂದು ಗೊತ್ತಾದ ಗಳಿಗೆ ಆ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡಳು. ಮೋಸದಿಂದ ಬಂದದ್ದನ್ನು ಇಟ್ಟುಕೊಳ್ಳುವ ಹೆಂಗಸಲ್ಲ ಅದು. ಎದ್ದು ಹೋಗಿ ಮುಖ್ಯಸ್ಥರಿಗೆ ತಾವೇ ಹೇಳಿ ಆ ಲೆಕ್ಕ ರದ್ದು ಮಾಡಿಸುತ್ತಾರೆ. ಸೊಸೆ ಕೈ ಹಿಂದಕ್ಕೆಳೆದುಕೊಂಡಳು. ಕೂಗು ಮತ್ತೆ ಒತ್ತರಿಸಿ ಬಂದಾಗ ರಬ್ಬರನ್ನು ಬಾಯಿಗೆ ಹಾಕಿಕೊಂಡು ಹಲ್ಲು ಕಚ್ಚಿದಳು.

ಆ ಹೊತ್ತಿಗೆ ತಿಮಿಂಗಿಲ ಮುಳುಗಿತ್ತು. ಹಡಗು ಸಾಗುತ್ತಲೇ ಇತ್ತು. ನೀರು ಬರಿದೋ ಬರಿದು. ಅವಳು ಮೈಯೆಲ್ಲ ಕಣ್ಣಾಗಿ ಕಾದಳು. ಕಾದದ್ದು ಎಷ್ಟು ಹೊತ್ತೋ, ಇದ್ದಕ್ಕಿದ್ದ ಹಾಗೆ ಅದು ಎಷ್ಟೋ ಹತ್ತಿರದಲ್ಲಿ ಎದ್ದಿತು. ಈಗ ದುರ್ಬೀನೂ ಬೇಕಿರಲಿಲ್ಲ. ಉಸಿರಿನ ಸದ್ದು ಕೂಡ ಕೇಳಿಸಿತು, ಲಾರಿಯ ಟಯರಿನಿಂದ ಒಮ್ಮೆಲೇ ಗಾಳಿ ಬಿಟ್ಟ ಹಾಗೆ. ತಲೆ ಬಂತು, ಬೆನ್ನು ಬಂತು, ಬೆನ್ನು ಬರುತ್ತಲೇ ಇತ್ತು. ಗೇಟು ಹಾಕಿದಾಗ ನಿಂತು ನೋಡುವ ಗೂಡ್ಸ್ ರೈಲಿನ ಹಾಗೆ, ಮುಗಿಯಿತು ಎಂದುಕೊಂಡರೆ ಇನ್ನೂ ಇದೆ, ಇನ್ನೂ ಇದೆ. ಕೊನೆಗೆ, ಅಷ್ಟು ದೊಡ್ಡ ಮೈಗೆ ನಾಚಿಕೆಯಾಗುವಷ್ಟು ಪುಟ್ಟ ರೆಕ್ಕೆಯೊಂದು ಬಂದು ಹೋಯಿತು. ಸೊಸೆಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ದೊಡ್ಡ ಸಂತೋಷವನ್ನು ಅವಳು ಹಿಂದೆಂದೂ ಪಟ್ಟಿರಲಿಲ್ಲ, ಮತ್ತು ಆ ಸಂತೋಷದ ನಡುಮಧ್ಯೆ ಕೆಳಗಿನ ಟೋಪಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಇನ್ನೊಂದು ಸಲ, ಹಿಂದೆ ಬಿದ್ದ ಮೇಲೆ ಇನ್ನೊಂದೇ ಒಂದು ಸಲ ಏಳು ಮಾರಾಯ ಎಂದು ಮನಸ್ಸಿನಲ್ಲೇ ಅದರ ಕಾಲಿಗೆ ಬಿದ್ದಳು. ತಿಮಿಂಗಿಲಕ್ಕೆ ಕಾಲಿಲ್ಲ ಎಂಬುದು ಜೀವಶಾಸ್ತ್ರದ ಟೀಚರಿಗೆ ಆಗ ನೆನಪಿರಲಿಲ್ಲ.

ಹಡಗಿನ ಪಕ್ಕೆ ಅದನ್ನು ದಾಟಿತು. ಕಿವಿಯಲ್ಲಿ ಮುಖ್ಯಸ್ಥರ ದನಿ ಬಂತು. "ಹಿಂದೆ ಬಿತ್ತು. ಎರಡೂ ಅಟ್ಟದವರು ಇನ್ನು ಮಾತಾಡಬಹುದು."

ಸೊಸೆ ರಬ್ಬರು ಉಗುಳಿ, ತೂತಿಗೆ ಮುಖ ಕೊಟ್ಟು, ಇದ್ದಬದ್ದ ಉಸಿರೆಲ್ಲ ಸೇರಿಸಿ, "ಅತ್ತೇ, ಎದ್ದೇಳಿ, ಎಡಗಡೆ ಹಿಂದೆ ನೋಡಿ" ಎಂದು ಕೂಗಿದಳು. ಅದೇ ಗಳಿಗೆಯಲ್ಲಿ ಕೆಳಗಿನಿಂದ, ಅದಕ್ಕಿಂತ ದೊಡ್ಡ ಗಂಟಲಲ್ಲಿ, "ಏ ಹುಡುಗೀ, ಎಲ್ಲಿದೀಯೇ, ಹಿಂದೆ ನೋಡೇ, ಎಡಗಡೆ" ಎಂಬ ಕೂಗು ಮೇಲೆ ಬಂತು. ಎರಡು ಕೂಗೂ ಟಾರ್ಪಾಲಿನ ತೂತಿನಲ್ಲಿ ಡಿಕ್ಕಿ ಹೊಡೆದುಕೊಂಡವು. ಟೋಪಿ ಹಿಂದಕ್ಕೆ ಬಿತ್ತು. ಕೆಳಗಿನಿಂದ ಮೇಲೆ ನೋಡುತ್ತಿದ್ದ ಅತ್ತೆಯ ಮುಖ ಪೂರ್ತಿ ಒದ್ದೆಯಾಗಿತ್ತು. ನಿದ್ದೆ ಮಾಡಿದವರ ಮುಖ ಅದಲ್ಲವೇ ಅಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಪೆಚ್ಚಾಗಿ ನೋಡಿದರು. ಅಷ್ಟರಲ್ಲಿ ಮುಖ್ಯಸ್ಥರು ಗಾಜಿನ ಕೋಣೆಯಿಂದ ಹೊರಗೆ ಬಂದರು. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಕಿತ್ತು ಹೆಗಲಿಗೆ ಹಾಕಿ, ನಕ್ಕು ನಕ್ಕು ಸುಸ್ತಾಗಿ ಕಟಕಟೆಗೆ ಒರಗಿದರು.

"ಒಂದು ಕಿವೀಲಿ ಅತ್ತೆ, ಇನ್ನೊಂದು ಕಿವೀಲಿ ಸೊಸೆ" ಎಂದರು. "ಇಬ್ಬರೂ ಹೇಳ್ತಿರೋದು ಒಂದೇ ವಿಷಯ, ಆದರೆ ಇಬ್ಬರಿಗೂ ನಾನು ಹೇಳೋ ಹಾಗಿಲ್ಲ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಇಂಥ ಕಷ್ಟ ಮನೇಲೂ ಪಟ್ಟಿರಲಿಲ್ಲ."

ಅತ್ತೆಗೆ ಮಂಡಿನೋವು. ಮೇಲಟ್ಟದ ಏಣಿಯನ್ನು ಅವರು ಯಾರಾದರೂ ಹಿಂದಿನಿಂದ ದೂಡದೆ ಹತ್ತಿದ್ದೇ ಇಲ್ಲ. ಅವತ್ತು ಮಾತಿನಮಲ್ಲ ಕೈಕೊಡಲು ಬಗ್ಗುವುದರೊಳಗೆ ಹತ್ತಿ ಮೇಲೆ ಬಂದಿದ್ದರು. ಬಂದವರೇ ಸೊಸೆಯನ್ನು ತರಾಟೆಗೆ ತೆಗೆದುಕೊಂಡರು. ಎಲ್ಲಿ ನೋಡುತ್ತಿದ್ದೆ, ಅಷ್ಟು ದೊಡ್ಡದು ಕಣ್ಣೆದುರು ಹೋಗುತ್ತಿದ್ದರೆ ನಿನಗೇಕೆ ಕಾಣಲಿಲ್ಲ ಎಂದರು. ತಾನು ಮೊದಲ ಉಸಿರಿನಿಂದಲೇ ನೋಡಿದ್ದಾಗಿ ಸೊಸೆ ಹೇಳಿದಳು. ಅತ್ತೆ ನಂಬಲಿಲ್ಲ. ನೋಡಿದ್ದರೆ ಕಿರುಚದೆ ಇರುತ್ತಿದ್ದೆಯಾ ಎಂದರು. ಸೊಸೆ ಕೆಳಗೆ ಬಿದ್ದಿದ್ದ ರಬ್ಬರನ್ನು ತೋರಿಸಿದಳು. ಅದರಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಹಲ್ಲಿನ ಗುರುತು ಚೆನ್ನಾಗಿ ಮೂಡಿತ್ತು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ಹೊಸ ಪ್ರಾಣಿಯನ್ನು ಗುರುತಿಸುವವರ ಹಾಗೆ ಬಹಳ ಹೊತ್ತು ನೋಡಿದರು.

ಈಗ ಕೇಳುವ ಸರದಿ ಸೊಸೆಯದು. ಟೋಪಿ ಬಾಗಿದ್ದು, ಅಲುಗುತ್ತಿದ್ದದ್ದು ಎಲ್ಲ ಹೇಳಿ, ತೂಕಡಿಸುತ್ತಿದ್ದೀರಿ ಅಂದುಕೊಂಡೆ ಎಂದಳು.

"ತೂಕಡಿಸೋದಾ? ಅಳ್ತಾ ಇದ್ದೆ ಕಣೇ" ಎಂದರು ಅತ್ತೆ. ಮುಖ್ಯಸ್ಥರ ಮುಂದೆ, ಮಾತಿನಮಲ್ಲನ ಮುಂದೆ, ಯಾವ ಸಂಕೋಚವೂ ಇಲ್ಲದೆ ಅಂದರು. "ದುರ್ಬೀನಿನ ಮೇಲೆ ಹಣೆ ಇಟ್ಕೊಂಡು ಅತ್ಬಿಟ್ಟೆ. ಇಷ್ಟು ವರ್ಷ ಅದು ಕಂಡರೆ ಸಾಕು, ಇನ್ನೇನೂ ಬೇಡ ಅಂತಿದ್ದೆ. ಕಂಡಿತು. ಕಂಡ ತಕ್ಷಣ, ಅಯ್ಯೋ, ಆ ಹುಡುಗಿ ಮೇಲೆ ಇದಾಳಲ್ಲ, ಅವಳಿಗೆ ಕಾಣಲಿಲ್ಲವಲ್ಲ ಅಂತ ಅನ್ನಿಸಿಬಿಡ್ತು. ಮೇಲಿಂದ ಒಂದು ಚೂರು ಸದ್ದಿಲ್ಲ. ಒಬ್ಬಳೇ ನೋಡೋಕಾ ನಾನು ಇಷ್ಟು ಕಾಲ ಕಾದದ್ದು ಅಂತ ಅಳು ಬಂತು."

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು, ಅವರೂ ಬಿಡಿಸಿಕೊಳ್ಳಲಿಲ್ಲ. ಮುಖ್ಯಸ್ಥರಿಗೆ ಇದ್ದಕ್ಕಿದ್ದ ಹಾಗೆ ಗಾಜಿನ ಕೋಣೆಯಲ್ಲಿ ಏನೋ ಕೆಲಸ ನೆನಪಾಯಿತು. ಸುದ್ದಿ ತಿಳಿದು ಸೌಟಿನ ಸಮೇತ ಓಡಿಬಂದಿದ್ದ ಅಡುಗೆಯವನು ಹತ್ತಲೋ ಇಳಿಯಲೋ ತಿಳಿಯದೆ ಏಣಿಯ ಮೇಲೆ ಅರ್ಧಕ್ಕೇ ನಿಂತುಬಿಟ್ಟ.

"ಅಗೋ" ಎಂದ ಮಾತಿನಮಲ್ಲ. ಆ ಯಾನದಲ್ಲಿ ಅವನು ತಾನಾಗಿ ಆಡಿದ ಮಾತು ಅದೊಂದೇ ಇರಬೇಕು.

ಹಡಗಿನ ಹಿಂದೆ, ಅದು ಬಿಟ್ಟುಬಂದ ನೊರೆಯ ದಾರಿಯ ಪಕ್ಕದಲ್ಲಿ, ಬಿಳಿ ಕಂಬ ಎದ್ದಿತು. ಇಳಿಬಿಸಿಲಿಗೆ ಅದರ ತುಂಬ ಬಣ್ಣ. ಅಡುಗೆಯವನು ಸೌಟು ಎತ್ತಿ ಕೇಕೆ ಹಾಕಿದ. ಕೆಳಗಟ್ಟದಲ್ಲಿ ಚಪ್ಪಾಳೆ ಕೇಳಿಸಿತು. ಬೆನ್ನು ಎದ್ದಿತು, ಉದ್ದಕ್ಕೆ ಸಾಗಿತು, ಪುಟ್ಟ ರೆಕ್ಕೆ ಬಂತು, ಕೊನೆಗೆ ಅಗಲವಾದ ಬಾಲ ನೀರು ಸುರಿಸಿಕೊಂಡು ನಿಧಾನವಾಗಿ ಮೇಲೆದ್ದಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಕೆನ್ನೆಯ ಹತ್ತಿರ ಯಾರದೋ ಉಸಿರು ತಾಗಿದಂತಾಗಿ ಸೊಸೆ ಪಕ್ಕಕ್ಕೆ ತಿರುಗಿದಳು. ಅತ್ತೆ ಸಮುದ್ರಕ್ಕೆ ಬೆನ್ನು ಹಾಕಿ ಅವಳ ಮುಖವನ್ನೇ ನೋಡುತ್ತ ನಿಂತಿದ್ದರು.

"ಅತ್ತೆ, ಬಾಲ ಎತ್ತಿದೆ, ಆ ಕಡೆ ನೋಡಿ. ನನ್ನ ಮುಖದಲ್ಲಿ ಏನಿದೆ?"

"ಅದನ್ನ ಆಗಲೇ ನೋಡ್ದೆ" ಎಂದರು ಅತ್ತೆ. "ನೀನು ನೋಡೋದನ್ನ ಈಗ ನೋಡ್ತಿದೀನಿ. ನೀನು ತಿರುಗಬೇಡ, ನೋಡು."